ಹಾಯಿದೋಣಿ ಆಟ ನಡೆಸುವವರಿಗೆ ಕಾರವಾರದಿಂದ ಒಂದು ಬಹಿರಂಗ ಪತ್ರ

ಹಾಯಿದೋಣಿ ಆಟದ ರಾಷ್ಟ್ರೀಯ ಫೆಡರೇಷನ್ ಆದ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ಪದಾಧಿಕಾರಿಗಳಿಗೆ, ಕೇಂದ್ರ ಕ್ರೀಡಾ ಸಚಿವಾಲಯದವರಿಗೆ, ನಮ್ಮ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರಿಗೆ,

ನಮಸ್ಕಾರ.

ಮೂರು ಕಡೆಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆಬೇರೆ ಬರೆದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಫೆಡರೇಷನ್‌ನವರು ಇದು ರಾಜ್ಯದ ಕೆಲಸ ಅಂತಾರೆ, ರಾಜ್ಯದವರು ಕೇಂದ್ರದ ಅನುದಾನ ಬರಲಿ ನೋಡೋಣ ಅಂತಾರೆ, ಕೇಂದ್ರದವರು ಫೆಡರೇಷನ್‌ನಿಂದ ಪ್ರಸ್ತಾವ ಬಂದಿಲ್ಲ ಅಂತಾರೆ. ಎಲ್ಲರೂ ಹೇಳೋದು ನಿಜವೇ. ಅದಕ್ಕೇ ಮೂವರೂ ಒಟ್ಟಿಗೆ ಓದಿ ಅಂತ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ನಾನು ಕಾರವಾರದವನು. ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಕಬಡ್ಡಿ, ವಾಲಿಬಾಲ್, ಖೋ ಖೋ ಆಡಿಸುತ್ತೇನೆ, ಆಗಸ್ಟ್ ಬಂದರೆ ಪರೇಡ್ ಮಾಡಿಸುತ್ತೇನೆ. ನಮ್ಮ ಶಾಲೆಯಲ್ಲಿ ಮೀನುಗಾರರ ಮನೆಯ ಮಕ್ಕಳೇ ಜಾಸ್ತಿ. ಹರಿಕಂತ್ರರು, ಖಾರ್ವಿಗಳು, ಅಂಬಿಗರು, ಗಾಬಿತರು. ಈ ಮಕ್ಕಳು ಕಬಡ್ಡಿಯಲ್ಲಿ ತಾಲೂಕು ಮಟ್ಟಕ್ಕೆ ಹೋಗುತ್ತಾರೆ, ಜಿಲ್ಲಾ ಮಟ್ಟದಲ್ಲಿ ಘಟ್ಟದ ಮೇಲಿನ ಗಟ್ಟಿ ಹುಡುಗರ ಎದುರು ಸೋತು ಬರುತ್ತಾರೆ. ಅದರಲ್ಲಿ ಬೇಜಾರಿಲ್ಲ, ಆಟ ಅಂದಮೇಲೆ ಅದೆಲ್ಲ ಇದ್ದದ್ದೇ. ಆದರೆ ಇವರು ಹುಟ್ಟಿದಾಗಿನಿಂದ ನೋಡಿದ ಒಂದು ಜಾಗ ಇದೆ. ಅಲ್ಲಿ ಒಂದು ಒಲಿಂಪಿಕ್ ಆಟ ಇದೆ. ಅದರ ದೋಣಿಯನ್ನು ಇವರಲ್ಲಿ ಒಬ್ಬರೂ ಮುಟ್ಟಿ ನೋಡಿಲ್ಲ.

ಮೊದಲು ನಮ್ಮೂರಿನದೇ ಒಂದು ವಿಷಯ ಹೇಳುತ್ತೇನೆ. 2025ರ ಮೇ 21ರಂದು ಇಲ್ಲೇ ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಅನ್ನೋ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾ ಗುಹೆಯ ಚಿತ್ರವೊಂದನ್ನು ನೋಡಿ, ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು ಅದು. ಎಂಜಿನ್ ಇಲ್ಲ. ಕೇರಳದ ಕಸುಬುದಾರರು ಗೋವಾದಲ್ಲಿ ಕೂತು ಕಟ್ಟಿದ್ದು. ಒಳ್ಳೆ ಕೆಲಸ, ಎರಡು ಮಾತಿಲ್ಲ. ದೇಶದ ಪೇಪರುಗಳಲ್ಲೆಲ್ಲ ಕಾರವಾರದ ಹೆಸರು ಬಂತು. ನಮ್ಮ ಮಕ್ಕಳು ಅದನ್ನು ನೋಡಿದ್ದು ಮೊಬೈಲಿನಲ್ಲಿ. ಹಡಗು ಇದ್ದದ್ದು ಬೈತಖೋಲ ದಾಟಿ ಸ್ವಲ್ಪ ಆಚೆ, ಗೋಡೆಯ ಒಳಗೆ.

ಈಗ ಇನ್ನೊಂದು ಊರಿನ ವಿಷಯ. ಮಧ್ಯಪ್ರದೇಶಕ್ಕೆ ಸಮುದ್ರ ಇಲ್ಲ, ಅದು ನಮ್ಮ ಆರನೇ ತರಗತಿ ಹುಡುಗರಿಗೂ ಗೊತ್ತು. ಆದರೆ ಭೋಪಾಲದಲ್ಲಿ ಒಂದು ದೊಡ್ಡ ಕೆರೆ ಇದೆ, ಬಡಾ ತಾಲಾಬ್ ಅಂತಾರೆ. ಆ ಕೆರೆಯ ದಡದಲ್ಲಿ ಅಲ್ಲಿನ ಸರ್ಕಾರ ಹಾಯಿದೋಣಿ ಕಲಿಸುವ ಶಾಲೆ ನಡೆಸುತ್ತಿದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಹರ್ಷಿತಾ ತೋಮರ್ ಅಲ್ಲಿ ಕಲಿತವಳು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ದೇವಾಸ್ ಜಿಲ್ಲೆಯ ರೈತನ ಮಗಳು, ಅವಳೂ ಅಲ್ಲೇ ಕಲಿತವಳು. ಕಡಲೇ ಇಲ್ಲದ ರಾಜ್ಯದ ರೈತನ ಮಗಳು ಕಡಲಿನ ಆಟದಲ್ಲಿ ಪದಕ ತಂದಳು. ಸುಮಾರು 300 ಕಿಲೋಮೀಟರ್ ಕರಾವಳಿ ಇಟ್ಟುಕೊಂಡ ನಾವು ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆವು. ನಮ್ಮ ರಾಜ್ಯದಲ್ಲಿ ಹಾಯಿದೋಣಿ ನೋಡಬೇಕು ಅಂದರೆ ಬೆಂಗಳೂರಿನ ಹಲಸೂರು ಕೆರೆಯಂಥ ಕಡೆ ಹೋಗಬೇಕು. ಅಲ್ಲಿ ಸೇನೆಯ ಮದ್ರಾಸ್ ಸ್ಯಾಪರ್ಸ್‌ನವರು ಓಡಿಸುತ್ತಾರೆ. ಕಾರವಾರದ ಹುಡುಗ ಹಾಯಿ ನೋಡೋಕೆ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕು, ಇದಕ್ಕೇನು ಹೇಳ್ತೀರಿ ಮಾರಾಯ್ರೆ?

ಭೋಪಾಲದವರ ಮೇಲೆ ಹೊಟ್ಟೆಕಿಚ್ಚಿಲ್ಲ. ಅವರು ಮಾಡಿದ್ದನ್ನೇ ನೀವು ಇಲ್ಲಿ ಮಾಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ದೇಶದ ನಕ್ಷೆ ಬಿಡಿಸಿ ಈ ಆಟ ಎಲ್ಲೆಲ್ಲಿ ಗಟ್ಟಿಯಾಗಿ ನಡೆಯುತ್ತಿದೆ ಅಂತ ಗುರುತು ಹಾಕಿ ನೋಡಿ. ಮುಂಬೈಯಲ್ಲಿ ಸೇನೆ ಮತ್ತು ನೌಕಾಪಡೆಯ ಕೇಂದ್ರಗಳು, ಗೋವಾದಲ್ಲಿ ನೌಕಾಪಡೆ, ಚೆನ್ನೈಯಲ್ಲಿ ಕೆಲವು ಹಠದ ಕುಟುಂಬಗಳು ಮತ್ತು ಅವರ ಅಸೋಸಿಯೇಷನ್, ಭೋಪಾಲ, ಹೈದರಾಬಾದಿನ ಹುಸೇನ್ ಸಾಗರ. ಹೆಚ್ಚುಕಮ್ಮಿ ಇಷ್ಟೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಿಂದ ಭಾರತದವರು ಆಗೊಮ್ಮೆ ಈಗೊಮ್ಮೆ ಹೋಗಿ ಬರುತ್ತಿದ್ದಾರೆ. ಟೋಕಿಯೊಗೆ ಮೊದಲ ಸಲ ನಾಲ್ಕು ಜನ ಹೋದರು: ನೇತ್ರಾ ಕುಮಾನನ್, ವಿಷ್ಣು ಸರವಣನ್, ಕೆ.ಸಿ. ಗಣಪತಿ, ವರುಣ್ ಠಕ್ಕರ್. ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆ ಮಾರ್ಸೆಯಲ್ಲಿ ನಡೆದಾಗ ಇಬ್ಬರು ಹೋದರು. ವಿಷ್ಣು 18ನೇ ಸ್ಥಾನ, ನೇತ್ರಾ 21ನೇ ಸ್ಥಾನ. ಸಣ್ಣ ಸಾಧನೆ ಅಲ್ಲ ಅದು. ಆದರೆ ಆ ಹಂತಕ್ಕೆ ಬರೋಕೆ ನೇತ್ರಾ ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ಹಂಗೇರಿಯ ಕೋಚ್ ಹತ್ತಿರ ಇದ್ದು ಕಲಿಯಬೇಕಾಯಿತು. ವಿಷ್ಣು ಸೇನೆಯಲ್ಲಿ ಇದ್ದವರು. ಅಂದರೆ ಸಮವಸ್ತ್ರ ಬೇಕು, ಇಲ್ಲಾ ದುಡ್ಡು ಹೊಂದಿಸೋ ಮನೆ ಬೇಕು. ಎರಡೂ ಇಲ್ಲದವನಿಗೆ ಈ ಆಟ ಇದೆ ಅಂತಲೇ ಗೊತ್ತಾಗಲ್ಲ.

ನೌಕಾಪಡೆ, ಸೇನೆ ಇಲ್ಲದಿದ್ದರೆ ಈ ದೇಶದಲ್ಲಿ ಹಾಯಿದೋಣಿ ಆಟ ಯಾವತ್ತೋ ಕಣ್ಣು ಮುಚ್ಚುತ್ತಿತ್ತು, ಅದನ್ನು ಒಪ್ಪದವನು ಕೃತಘ್ನ. ದೋಣಿ ಕೊಂಡವರು ಅವರು, ಕೋಚ್ ತಂದವರು ಅವರು, ಸಂಬಳ ಕೊಟ್ಟು ಆಟಗಾರರನ್ನು ಸಾಕಿದವರು ಅವರು. ಫೆಡರೇಷನ್ನಿನ ಚುಕ್ಕಾಣಿಯೂ ಬಹುಕಾಲ ನೌಕಾಪಡೆಯ ದೊಡ್ಡ ಅಧಿಕಾರಿಗಳ ಕೈಯಲ್ಲೇ ಇತ್ತು. ಆದರೆ ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತದೆ. ಉತ್ಸಾಹ ಇದ್ದ ಒಬ್ಬರು ಬಂದಾಗ ಗೇಟು ತೆರೆಯುತ್ತದೆ, ಅವರು ಹೋದಾಗ ಗೇಟು ಮುಚ್ಚುತ್ತದೆ. ಒಂದು ಆಟ ಹೀಗೆ ವ್ಯಕ್ತಿಗಳ ಮರ್ಜಿಯಲ್ಲಿ ಬೆಳೆಯಲ್ಲ. ಕಬಡ್ಡಿ ಯಾವ ಅಧಿಕಾರಿಯ ವರ್ಗಾವಣೆಗೂ ನಿಲ್ಲುವುದಿಲ್ಲ, ಯಾಕೆಂದರೆ ಅದು ಊರಿನ ಅಂಗಳದಲ್ಲಿದೆ. ಹಾಯಿದೋಣಿಯೂ ಊರಿನ ದಡಕ್ಕೆ ಬರಬೇಕು. ಈ ಪತ್ರದಲ್ಲಿ ನಾನು ಹೇಳೋದು ಇದೊಂದೇ, ಉಳಿದದ್ದೆಲ್ಲ ಅದರ ವಿವರ.

ನಮ್ಮ ಮಕ್ಕಳಿಗೆ ಏನು ಗೊತ್ತಿದೆ ಅಂತ ನಿಮಗೆ ತಿಳಿಯಬೇಕು. ಹೋದ ವರ್ಷ ಒಂಬತ್ತನೇ ತರಗತಿಯ ಕೆಲವು ಹುಡುಗರನ್ನು ಕರೆದುಕೊಂಡು ಕೋಡಿಬಾಗದ ಹತ್ತಿರ ಕಾಳಿ ನದಿಯ ಅಳಿವೆಗೆ ಹೋಗಿದ್ದೆ. ಒಬ್ಬನ ಚಿಕ್ಕಪ್ಪನ ದೋಣಿ ಅಲ್ಲೇ ಕಟ್ಟಿತ್ತು, ಒಂದು ಸುತ್ತು ಹೋಗಿ ಬರೋಣ ಅಂತ ಮಾತಾಡಿದ್ದೆವು. ಮಧ್ಯಾಹ್ನ ಕಳೆದಿತ್ತು. ಹುಡುಗ ದಡದಲ್ಲಿ ನಿಂತು ಸುಮ್ನೆ ನೀರು ನೋಡಿದ. ಆಮೇಲೆ, "ಸರ್, ಈಗ ಬೇಡ. ಇಳಿತ ಶುರುವಾಯ್ತು. ನೀರು ಹೊರಗೆ ಹೋಗ್ತಾ ಉಂಟು, ಗಾಳಿ ಒಳಗೆ ಬರ್ತಾ ಉಂಟು. ಬಾಯಲ್ಲಿ ತೆರೆ ಏಳ್ತದೆ" ಅಂದ. ನನಗೆ ನೀರು ಸಮನಾಗೇ ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ಅಳಿವೆಯ ಬಾಯಲ್ಲಿ ಗಿಡ್ಡ ಗಿಡ್ಡ ತೆರೆಗಳು ಎದ್ದು, ಬಿಳಿ ನೊರೆ ಕಾಣತೊಡಗಿತು. ಅವನಿಗೆ ಇದನ್ನು ಯಾರೂ ಪಾಠ ಮಾಡಿಲ್ಲ. ವಿಜ್ಞಾನದಲ್ಲಿ ಅವನು ಪಾಸಾಗೋದೇ ಕಷ್ಟ.

ಇನ್ನೊಂದು ನೋಡಿ. ನಮ್ಮಲ್ಲಿ ಅಕ್ಟೋಬರ್‌ನಿಂದ ಮೇವರೆಗೆ ಬೆಳಿಗ್ಗೆ ಘಟ್ಟದ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತದೆ, ಬಿಸಿಲೇರಿದ ಹಾಗೆ ಅದು ಸೋತು ಸ್ವಲ್ಪ ಹೊತ್ತು ಎಲ್ಲ ಸ್ತಬ್ಧ, ಆಮೇಲೆ ಕಡಲಿನಿಂದ ಗಾಳಿ ತಿರುಗಿ ಬರುತ್ತದೆ, ಸಂಜೆಯವರೆಗೂ ಇರುತ್ತದೆ. ದೂರದಲ್ಲಿ ನೀರು ಕಪ್ಪಾಗಿ ಸುಕ್ಕುಗಟ್ಟಿದ ಪಟ್ಟಿ ಕಂಡರೆ ಅಲ್ಲಿ ಗಾಳಿ ಜಾಸ್ತಿ ಇದೆ, ಅದು ಈ ಕಡೆ ಬರುತ್ತಿದೆ ಅಂತ ಮೀನುಗಾರರ ಮನೆಯ ಮಕ್ಕಳಿಗೆ ಗೊತ್ತು. ಹಾಯಿದೋಣಿ ರೇಸು ಗೆಲ್ಲೋದು ಇದರ ಮೇಲೆಯೇ ಅಲ್ವಾ? ಗಾಳಿ ಎಲ್ಲಿ ಹೆಚ್ಚು, ಯಾವಾಗ ತಿರುಗುತ್ತದೆ, ನೀರು ಯಾವ ಕಡೆ ಎಳೆಯುತ್ತದೆ. ನಗರದ ಕ್ಲಬ್ಬಿನ ಮಕ್ಕಳಿಗೆ ಇದನ್ನು ಕಲಿಸೋಕೆ ಕೋಚ್‌ಗಳು ವರ್ಷಗಟ್ಟಲೆ ತಲೆ ಚಚ್ಚಿಕೊಳ್ಳುತ್ತಾರೆ.

ಇವರಿಗೆ ಗೊತ್ತಿಲ್ಲದ್ದೂ ಬಹಳ ಇದೆ, ಅದನ್ನೂ ಹೇಳಬೇಕು. ಹಾಯಿ ಕಟ್ಟೋಕೆ ಬರೋದಿಲ್ಲ. ಅಜ್ಜಂದಿರ ಕಾಲದಲ್ಲಿ ಪಾತಿ ದೋಣಿಗೂ ಹಾಯಿ ಇತ್ತು, ಇಲ್ಲಿಂದ ಕುಮಟಾ, ಹೊನ್ನಾವರ, ಮುಂಬೈವರೆಗೂ ಸರಕು ತುಂಬಿದ ಮಚವೆಗಳು ಹಾಯಿಯಲ್ಲೇ ಓಡಾಡುತ್ತಿದ್ದವು. ಮೋಟಾರು ಬಂದ ಮೇಲೆ ಒಂದೇ ತಲೆಮಾರಿನಲ್ಲಿ ಎಲ್ಲ ಮರೆತುಹೋಯಿತು. ಮರೆತದ್ದು ತಪ್ಪಲ್ಲ, ಹೊಟ್ಟೆಪಾಡಿನ ಕೆಲಸಕ್ಕೆ ಮೋಟಾರು ಬೇಕೇ ಬೇಕು. ರೇಸಿನ ನಿಯಮಗಳೂ ಇವರಿಗೆ ಗೊತ್ತಿಲ್ಲ. ಎಡಗಡೆಯಿಂದ ಗಾಳಿ ಹಿಡಿದವನು ಬಲಗಡೆಯಿಂದ ಗಾಳಿ ಹಿಡಿದವನಿಗೆ ದಾರಿ ಬಿಡಬೇಕು, ಗಾಳಿಗೆ ಎದುರಾಗಿ ನೇರ ಹೋಗೋಕೆ ಆಗಲ್ಲ, ಓರೆಯಾಗಿ ಅತ್ತಿತ್ತ ತಿರುಗುತ್ತಾ ಏರಬೇಕು, ಯಾವಾಗ ತಿರುಗಬೇಕು ಅನ್ನೋದೇ ಆಟ. ಸ್ಟಾರ್ಟ್ ಗೆರೆಯಲ್ಲಿ ಐವತ್ತು ದೋಣಿಗಳ ನಡುವೆ ಜಾಗ ಹಿಡಿಯೋದು ಹೇಗೆ ಅಂತ ಕಲಿಯೋಕೆ ಐವತ್ತು ದೋಣಿಗಳ ನಡುವೆ ಇರಲೇಬೇಕು. ಇದನ್ನೆಲ್ಲ ಕೋಚ್ ಕಲಿಸಬಹುದು. ಅಳಿವೆಯ ಹುಡುಗನಿಗೆ ಗೊತ್ತಿದ್ದದ್ದನ್ನು ಬೇರೆಯವರಿಗೆ ಕಲಿಸೋದು ಅಷ್ಟು ಸುಲಭ ಅಲ್ಲ.

ಸರ್ಫಿಂಗ್ ಕಡೆ ಒಂದು ಸಲ ನೋಡಿ. ನಮ್ಮದೇ ಕರಾವಳಿಯ ಮೂಲ್ಕಿಯಲ್ಲಿ ಕೆಲವರು ಹಲಗೆ ಹಿಡಿದು ನೀರಿಗಿಳಿದರು. ಇವತ್ತು ಮಂಗಳೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತದೆ. ತಮಿಳುನಾಡಿನ ಮಹಾಬಲಿಪುರಂ, ಕೋವಲಂ ಕಡೆಯ ಒಳ್ಳೊಳ್ಳೆ ಸರ್ಫರ್‌ಗಳಲ್ಲಿ ಬಹಳ ಜನ ಮೀನುಗಾರರ ಮಕ್ಕಳು. ಅದೇ ನೀರು, ಅದೇ ಮಕ್ಕಳು, ಹಾಗಾದರೆ ಹಾಯಿದೋಣಿಯಲ್ಲಿ ಯಾಕಿಲ್ಲ? ನನಗೆ ಕಾಣೋದು ಇಷ್ಟು. ಸರ್ಫ್ ಬೋರ್ಡನ್ನು ಹೆಗಲ ಮೇಲೆ ಹೊತ್ತು ಹೋಗಬಹುದು, ಮನೆಯ ಜಗಲಿಯಲ್ಲಿ ಒರಗಿಸಿ ಇಡಬಹುದು, ಯಾರ ಅಪ್ಪಣೆಯೂ ಬೇಡ, ಹಳೆಯದನ್ನು ತಮ್ಮನಿಗೆ ಕೊಡಬಹುದು. ಹಾಯಿದೋಣಿಗೆ ಇಡೋಕೆ ಜಾಗ ಬೇಕು, ಇಳಿಸೋಕೆ ಇಳಿಜಾರು ಬೇಕು, ಜೊತೆಗೆ ಒಂದು ರಕ್ಷಣಾ ದೋಣಿ ಬೇಕು. ಹೊಸ ದೋಣಿ ಅಂದರೆ ಲಕ್ಷಗಳ ಮಾತು. ಒಬ್ಬ ಹುಡುಗ, ಒಂದು ಮನೆ, ಒಬ್ಬ ಮಾಸ್ತರ ಸೇರಿದರೂ ಆಗೋ ಕೆಲಸ ಅಲ್ಲ ಇದು. ಅದಕ್ಕೇ ನಿಮಗೆ ಬರೆಯುತ್ತಿರೋದು.

ಪ್ರಯತ್ನ ಮಾಡಿಲ್ಲ ಅಂತಲ್ಲ. ಎಲ್ಲಿಂದಲೋ ಎರಡು ಹಳೆ ದೋಣಿ ಸಿಗೋ ಹಾಗಿತ್ತು, ದಡದಲ್ಲಿ ಇಟ್ಟುಕೊಳ್ಳೋಕೆ ಜಾಗ ಕೇಳಿ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಅವರು ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಕಾಯ್ದೆ ಅಂದರು, ಅದರಾಚೆಯವರು ಭದ್ರತೆ ಅಂದರು, ಮತ್ತೊಬ್ಬರು ಇದು ಪ್ರವಾಸೋದ್ಯಮವೋ ಕ್ರೀಡೆಯೋ ಅಂತ ಕೇಳಿದರು. ನಾನು ಕ್ರೀಡೆ ಅಂದೆ. "ಪ್ರವಾಸೋದ್ಯಮ ಅಂದಿದ್ರೆ ಬೇಗ ಆಗ್ತಿತ್ತು ಮಾಸ್ತರ್ರೆ" ಅಂತ ಒಬ್ಬ ಗುಮಾಸ್ತರು ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು. ಅಷ್ಟರಲ್ಲಿ ದೋಣಿ ಬೇರೆಯವರ ಪಾಲಾಯಿತು. ಯಾರದೂ ತಪ್ಪಲ್ಲ, ಎಲ್ಲರೂ ತಮ್ಮ ತಮ್ಮ ಕಾಯ್ದೆ ಓದಿದರು. ದಡ ಒಂದೇ, ಯಜಮಾನರು ಹಲವರು. ಅದೇ ಕಡಲತೀರದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸೀಟಿ ಹೊಡೆಯುತ್ತಾ ಜೆಟ್‌ಸ್ಕೀಗಳು ಓಡುತ್ತವೆ, ಅದಕ್ಕೆ ಟೆಂಡರ್ ಆಗುತ್ತದೆ, ಲೈಸೆನ್ಸ್ ಸಿಗುತ್ತದೆ.

ಹಾಗಾದರೆ ಏನು ಬೇಕು ಅಂತ ಕೇಳಿದರೆ, ಮರೀನಾ, ಅಂದರೆ ವಿಹಾರನೌಕೆಗಳ ದೊಡ್ಡ ಬಂದರು, ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಜನಕ್ಕೆ ದಡದ ಮೇಲೆ ಬರೋ ಯೋಜನೆ ಅಂದರೆ ಭಯ. 1986ರಲ್ಲಿ ಇಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ನೌಕಾನೆಲೆ ಶುರುವಾಯಿತು. ನಡುವೆ ಎಷ್ಟೋ ಊರುಗಳು ಎದ್ದುಹೋದವು, ಎಷ್ಟೋ ಮೀನುಗಾರರು ತಮ್ಮ ದಡ ಕಳೆದುಕೊಂಡರು. 2020ರ ಜನವರಿಯಲ್ಲಿ ಕೇಂದ್ರದ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆ ವಿರುದ್ಧ ಇದೇ ಊರಿನ ಮೀನುಗಾರರು ಬೀದಿಗಿಳಿದರು. ಹೀಗಿರುವಾಗ "ಅಂತಾರಾಷ್ಟ್ರೀಯ ಮಟ್ಟದ ಜಲಕ್ರೀಡಾ ಸಂಕೀರ್ಣ" ಅಂತ ಬೋರ್ಡು ಹೊತ್ತು ಬಂದರೆ ನಾನೂ ಅವರ ಜೊತೆ ಬೀದಿಯಲ್ಲೇ ಇರುತ್ತೇನೆ.

ಬೇಕಾಗಿರೋದು ಒಂದು ಶೆಡ್ಡು. ಬಲೆ ಇಡೋ ಶೆಡ್ಡಿನಷ್ಟೇ ದೊಡ್ಡದು ಸಾಕು. ಒಂದು ಇಳಿಜಾರು. ಚಿಕ್ಕ ಮಕ್ಕಳಿಗೆ ಹತ್ತು ಆಪ್ಟಿಮಿಸ್ಟ್, ದೊಡ್ಡವರಿಗೆ ಐದಾರು ಇಲ್ಕಾ, ಹಿಂದೆ ಲೇಸರ್ ಅಂತ ಕರೆಯುತ್ತಿದ್ದರಲ್ಲ, ಅದು. ಒಂದು ರಕ್ಷಣಾ ದೋಣಿ. ಮತ್ತು ಒಬ್ಬ ಕೋಚ್, ಕಾಯಂ ಕೋಚ್. ಆಪ್ಟಿಮಿಸ್ಟ್ ಅಂದರೆ 2.3 ಮೀಟರ್ ಉದ್ದದ, 35 ಕಿಲೋ ತೂಕದ ಪುಟಾಣಿ ದೋಣಿ, 15 ವರ್ಷದವರೆಗಿನ ಮಕ್ಕಳದು. ಇಲ್ಕಾದ ಚೆಲುವು ಏನು ಅಂದರೆ ದೋಣಿಯ ಮೈ ಒಂದೇ, ಹಾಯಿ ಮತ್ತು ಕೂವೆಕಂಬದ ಕೆಳಭಾಗ ಬದಲಿಸಿದರೆ ಮೂರು ದರ್ಜೆ. ನೇಹಾ ಬೆಳ್ಳಿ ಗೆದ್ದ ಇಲ್ಕಾ 4, ನೇತ್ರಾ ಒಲಿಂಪಿಕ್ಸ್‌ಗೆ ಹೋದ ಇಲ್ಕಾ 6, ವಿಷ್ಣು ಓಡಿಸಿದ ಇಲ್ಕಾ 7, ಮೂರಕ್ಕೂ ಅದೇ ಮೈ. ಬಡ ಶಾಲೆಗೆ ಇದಕ್ಕಿಂತ ಒಳ್ಳೆ ಲೆಕ್ಕ ಎಲ್ಲಿ ಸಿಗುತ್ತದೆ? 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಹತ್ತು ಹಾಯಿ ಸ್ಪರ್ಧೆಗಳಿವೆ, ಗಾಳಿಪಟ ಕಟ್ಟಿಕೊಂಡು ನೀರಿನ ಮೇಲೆ ಹಾರೋದೂ ಇದೆ. ಹತ್ತರ ಹಿಂದೆಯೂ ಓಡಬೇಡಿ. ಹೊಸ ಕೇಂದ್ರಗಳಲ್ಲಿ ಸದ್ಯಕ್ಕೆ ಇಲ್ಕಾ ಒಂದನ್ನೇ ಹಿಡಿದು ಹತ್ತು ವರ್ಷ ಕೂರಿ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ರಿಪೇರಿಯ ಚಿಂತೆ ಬೇಡ. ಮಜಾಳಿಯಿಂದ ಭಟ್ಕಳದವರೆಗೆ ಫೈಬರ್ ದೋಣಿಗೆ ತೇಪೆ ಹಾಕಿ ಜೀವನ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಬಂಡೆಗೆ ಬಡಿದು ಒಡೆದ ದೋಣಿಯನ್ನು ಮ್ಯಾಟು, ರೆಸಿನ್ ಹಾಕಿ ಎರಡು ದಿನದಲ್ಲಿ ನೀರಿಗಿಳಿಸುತ್ತಾರೆ. ರಕ್ಷಣಾ ದೋಣಿ ಓಡಿಸೋಕೆ ಜನ ಬೇಕೇ? ಬೈತಖೋಲದಲ್ಲಿ ನಿಂತು ಕೂಗಿ. ಅವರಿಗೆ ಸರ್ಟಿಫಿಕೇಟು ಬೇಕು ಅಂದರೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಪಕ್ಕದಲ್ಲೇ ಇದೆ, ಕಳಿಸಿ ಕಲಿಸಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ಬಂದ್ ಇರುತ್ತದೆ, ಕಡಲಿಗೆ ಇಳಿಯೋ ಪ್ರಶ್ನೆಯೇ ಇಲ್ಲ. ಆಗ ಮಕ್ಕಳು ಗಂಟು ಹಾಕೋದು, ನಿಯಮ, ರಿಪೇರಿ ಕಲಿಯಲಿ. ಚೆನ್ನಾಗಿ ಕಲಿತವರನ್ನು ಹುಸೇನ್ ಸಾಗರಕ್ಕೆ ಕಳಿಸಿ, ಯಾಟ್ ಕ್ಲಬ್ ಆಫ್ ಹೈದರಾಬಾದ್‌ನವರು ಮಳೆಗಾಲದಲ್ಲೇ ರೆಗಾಟಾ, ಅಂದರೆ ಹಾಯಿದೋಣಿ ಸ್ಪರ್ಧೆ ನಡೆಸುತ್ತಾರೆ. ಅವರು ಬಡ ಮನೆಯ ಮಕ್ಕಳನ್ನು ಹುಡುಕಿ ತಂದು ಕಲಿಸಿದವರು, ಇದು ಆಗೋ ಕೆಲಸ ಅಂತ ತೋರಿಸಿದವರು.

ಕೋಚ್ ಕಾಯಂ ಇರಬೇಕು ಅಂತ ಯಾಕೆ ಹಠ ಹಿಡಿದಿದ್ದೇನೆ ಅಂದರೆ, ಈ ಜಿಲ್ಲೆ ಒಂದು ಸಲ ಪೆಟ್ಟು ತಿಂದಿದೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳಲ್ಲಿ ಓಟದ ಕಸುವು ಇದೆ ಅಂತ ಗುರುತಿಸಿ ಕರೆದುಕೊಂಡು ಹೋದರು. ಮಕ್ಕಳು ಬೂಟು ಹಾಕಿದರು, ಓಡಿದರು, ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಎಷ್ಟೋ ಮಕ್ಕಳು ಅರ್ಧಕ್ಕೆ ವಾಪಸ್ ಊರಿಗೆ ಬಂದರು. ಕಡಲ ದಡದ ಮಕ್ಕಳಿಗೆ ಅದೇ ಮಾಡೋದಿದ್ದರೆ ದಯವಿಟ್ಟು ಬರಲೇಬೇಡಿ. ಉದ್ಘಾಟನೆಗೆ ಶಾಮಿಯಾನ ಹಾಕಿ, ಮಕ್ಕಳಿಗೆ ಟೀಶರ್ಟ್ ಹಂಚಿ, ಫೋಟೋ ತೆಗೆದು, ಮುಂದಿನ ಮಳೆಗಾಲಕ್ಕೆ ಶೆಡ್ಡಿನ ತಗಡು ಹಾರಿಹೋಗೋ ಯೋಜನೆ ನಮಗೆ ಬೇಡ.

ತಾಯಂದಿರ ಭಯದ ಬಗ್ಗೆಯೂ ಹೇಳಲೇಬೇಕು. 2019ರ ಜನವರಿಯಲ್ಲಿ ನಮ್ಮ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಇದಾದ ಮೇಲೆ ಮಕ್ಕಳನ್ನು ಕಡಲಿಗೆ ಕಳಿಸಿ ಅಂತ ಯಾವ ಬಾಯಲ್ಲಿ ಕೇಳೋದು ಅಂತ ನಮ್ಮ ಶಾಲೆಯ ಟೀಚರೊಬ್ಬರು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಹಾಯಿದೋಣಿ ಶಾಲೆಯಲ್ಲಿ ಮೊದಲು ಕಲಿಸೋದು ಮಗುಚೋದನ್ನೇ. ಬೇಕಂತಲೇ ದೋಣಿ ಮಗುಚುತ್ತಾರೆ. ಲೈಫ್ ಜಾಕೆಟ್ ಹಾಕಿದ ಹುಡುಗಿ ನೀರಿಗೆ ಬೀಳುತ್ತಾಳೆ, ಈಜಿ ದೋಣಿಯ ಅಡಿಭಾಗದ ಕಡೆ ಬರುತ್ತಾಳೆ, ಅಡಿಯಿಂದ ಚಾಚಿಕೊಂಡ ಹಲಗೆಯನ್ನು ಹಿಡಿದು ಅದರ ಮೇಲೆ ಹತ್ತಿ ನಿಲ್ಲುತ್ತಾಳೆ, ದೋಣಿಯ ಅಂಚು ಹಿಡಿದು ಮೈಯನ್ನು ಹಿಂದಕ್ಕೆ ವಾಲಿಸುತ್ತಾಳೆ. ನೀರಲ್ಲಿ ಮಲಗಿದ್ದ ಹಾಯಿ ನಿಧಾನ ಮೇಲೆದ್ದು, ನೀರು ಸುರಿಸುತ್ತಾ ನೆಟ್ಟಗಾಗುತ್ತದೆ. ಆಮೇಲೆ ಅವಳು ಒಳಗೆ ಹತ್ತುತ್ತಾಳೆ. ಬೇರೆ ಊರಿನಲ್ಲಿ ಒಂದು ಶಿಬಿರ ನೋಡೋಕೆ ಹೋದಾಗ ನಾನು ಇದನ್ನು ಕಣ್ಣಾರೆ ಕಂಡೆ, ಹತ್ತು ವರ್ಷವೂ ತುಂಬಿರದ ಹುಡುಗಿ ನಗುತ್ತಾ ಮಾಡುತ್ತಿದ್ದಳು. ನೀರಿನ ಪಕ್ಕ ಬೆಳೆಯೋ ಮಗುವಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಯಾವ "ನೀರಿಗಿಳಿಯಬಾರದು" ಬೋರ್ಡು ಕೊಡುತ್ತದೆ?

ಈಗ ಫೆಡರೇಷನ್‌ನವರಿಗೆ ಒಂದೆರಡು ನೇರ ಮಾತು. 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ. ಕಾರ್ಯಕಾರಿ ಸಮಿತಿ 15 ಜನರನ್ನು ಮೀರಬಾರದು, ಕನಿಷ್ಠ ನಾಲ್ವರು ಮಹಿಳೆಯರು ಇರಬೇಕು, ಆಟಗಾರರಿಗೂ ಜಾಗ ಕೊಡಬೇಕು ಅಂತ ಅದು ಹೇಳುತ್ತದೆ. ಆ ಕುರ್ಚಿಗಳನ್ನು ತುಂಬಿಸೋದು ಸುಲಭ, ಕಾಗದದಲ್ಲಿ ಎಲ್ಲ ಸರಿ ಕಾಣುತ್ತದೆ. ನಾನು ಕೇಳೋದು ಬೇರೆ. ನಿಮ್ಮ ವರ್ಷದ ಸ್ಪರ್ಧೆಗಳ ಪಟ್ಟಿಯಲ್ಲಿ ಯಾವುದೇ ಕ್ಲಬ್ಬಿಗೆ ಸೇರದ, ಸಮವಸ್ತ್ರ ಇಲ್ಲದ ಒಬ್ಬ ಹುಡುಗ ಬಂದು ಹೆಸರು ಕೊಟ್ಟು ಓಡಿಸಬಹುದಾದ ರೇಸು ಎಷ್ಟಿವೆ? ದೋಣಿ ಇಲ್ಲದವನಿಗೆ ದೋಣಿ ಬಾಡಿಗೆಗೆ ಕೊಡೋ ವ್ಯವಸ್ಥೆ ಎಲ್ಲೆಲ್ಲಿ ಇದೆ? ತಂಡದ ಆಯ್ಕೆ ಹೇಗೆ ಮಾಡುತ್ತೀರಿ ಅನ್ನೋದನ್ನು ವರ್ಷದ ಶುರುವಲ್ಲೇ, ರೇಸು ನಡೆಯೋ ಮೊದಲೇ, ಕನ್ನಡ ಓದೋ ಅಪ್ಪ ಅಮ್ಮನಿಗೂ ಅರ್ಥ ಆಗೋ ಹಾಗೆ ಹಾಕುತ್ತೀರಾ? ನಿಯಮಗಳ ಪುಸ್ತಕ ಕನ್ನಡದಲ್ಲೋ ಕೊಂಕಣಿಯಲ್ಲೋ ಬೇಕು ಅಂದರೆ ನಾನೇ ಕೂತು ಬರೆದುಕೊಡುತ್ತೇನೆ, ಕಾಸು ಬೇಡ.

ಸಚಿವಾಲಯದವರಿಗೆ ಒಂದು ಲೆಕ್ಕ. 2036ರ ಒಲಿಂಪಿಕ್ಸ್ ನಮಗೆ ಬೇಕು ಅಂತ ದೇಶ ಕೇಳುತ್ತಿದೆ. ಸಿಕ್ಕರೆ ಹಾಯಿದೋಣಿ ಸ್ಪರ್ಧೆಯೂ ನಮ್ಮ ನೀರಿನಲ್ಲೇ ನಡೆಯಬೇಕು. ಅವತ್ತು ದೋಣಿಯಲ್ಲಿ ಕೂರಬೇಕಾದ ಮಗು ಇವತ್ತು ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿದೆ. ಆಪ್ಟಿಮಿಸ್ಟ್ ಹತ್ತೋ ವಯಸ್ಸು ಈಗಲೇ. 2030ರಲ್ಲಿ ಸಮಿತಿ ಮಾಡಿ, 2032ರಲ್ಲಿ ಟೆಂಡರ್ ಕರೆದರೆ ಆ ಮಗುವಿನ ವಯಸ್ಸು ದಾಟಿರುತ್ತದೆ, ಆಮೇಲೆ ವಿದೇಶಿ ಕೋಚ್‌ಗೆ ಎಷ್ಟು ಸುರಿದರೂ ಅಷ್ಟೇ.

ರಾಜ್ಯದ ಇಲಾಖೆಯವರಿಗೆ ಹೆಚ್ಚು ಹೇಳಲ್ಲ. ನಿಮ್ಮ ಹತ್ತಿರ ಕ್ರೀಡಾ ಹಾಸ್ಟೆಲ್‌ಗಳಿವೆ, ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಹಾಸ್ಟೆಲ್ ಆಯ್ಕೆಯ ಆಟಗಳ ಪಟ್ಟಿಗೆ ಹಾಯಿದೋಣಿ ಸೇರಿಸಿ, ಕರಾವಳಿಯ ಒಂದು ಊರಿನಲ್ಲಿ ಹತ್ತು ಮಕ್ಕಳಿಗೆ ಊಟ, ಹಾಸಿಗೆ ಕೊಡಿ. ಕಾರವಾರವೇ ಆಗಬೇಕು ಅಂತಿಲ್ಲ. ಅಘನಾಶಿನಿಯ ಹಿನ್ನೀರು ತದಡಿ ಕಡೆ ಇನ್ನೂ ಶಾಂತ, ಶರಾವತಿಯ ಹೊನ್ನಾವರವೂ ಚೆನ್ನಾಗಿದೆ. ನಾನು ಕಾರವಾರ ಅನ್ನೋದು ನನ್ನ ಊರು ಅಂತ, ಅಷ್ಟು ಸ್ವಾರ್ಥ ಇಟ್ಟುಕೊಳ್ಳಬಹುದು ಅಲ್ವಾ?

ಇನ್ನು ನೌಕಾನೆಲೆಯ ಹಿರಿಯರಿಗೆ. ಪತ್ರದ ಮೇಲೆ ನಿಮ್ಮ ಹೆಸರು ಹಾಕಿಲ್ಲ, ಆದರೂ ಓದುತ್ತೀರಿ ಅಂತ ಗೊತ್ತು. ಭದ್ರತೆ ಏನು ಅಂತ ನಮಗೆ ಅರ್ಥ ಆಗುತ್ತದೆ, ಗೋಡೆ ಒಡೆಯಿರಿ ಅಂತ ಯಾರೂ ಕೇಳುತ್ತಿಲ್ಲ. ಗೋಡೆಯ ಈಚೆಗೆ ನೀವು ಬನ್ನಿ. ನಿಮ್ಮಲ್ಲಿ ಹಾಯಿ ಬಲ್ಲ ನಾವಿಕರು ಇದ್ದಾರೆ, ವಾರಕ್ಕೊಂದು ಸಂಜೆ ಇಬ್ಬರನ್ನು ಟಾಗೋರ್ ಕಡಲತೀರಕ್ಕೆ ಕಳಿಸಿ. ನಿಮ್ಮಲ್ಲಿ ಹಳತಾದ, ಲೆಕ್ಕದಿಂದ ತೆಗೆದುಹಾಕೋ ಸಣ್ಣ ದೋಣಿಗಳಿದ್ದರೆ ಗುಜರಿಗೆ ಹಾಕೋ ಮೊದಲು ಜಿಲ್ಲೆಯ ಶಾಲೆಗಳಿಗೆ ಕೊಡೋ ದಾರಿ ಹುಡುಕಿ. ಅರಗಾ, ಬಿಣಗಾ ಕಡೆ ದಡ ಬಿಟ್ಟುಕೊಟ್ಟವರ ಮೊಮ್ಮಕ್ಕಳು ನಮ್ಮ ಶಾಲೆಯಲ್ಲಿದ್ದಾರೆ. ಅವರಿಗೆ ಮೊದಲ ಸಾಲಿನಲ್ಲಿ ಜಾಗ ಸಿಗಬೇಕು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಯಾರಾದರೂ ನಿಜಕ್ಕೂ ಬಂದು ನೋಡೋದಾದರೆ ನವೆಂಬರ್ ನಂತರ ಬನ್ನಿ, ಮಳೆ ಪೂರ್ತಿ ಹೋಗಿರುತ್ತದೆ. ಬೆಳಿಗ್ಗೆ ಬಂದು ಪ್ರವಾಸಿ ಮಂದಿರದಲ್ಲಿ ಸಭೆ ಮಾಡಿ ಹನ್ನೆರಡಕ್ಕೆ ಹೋಗಬೇಡಿ, ಆ ಹೊತ್ತಿಗೆ ಗಾಳಿಯೇ ಇರೋದಿಲ್ಲ, "ಇಲ್ಲಿ ಗಾಳಿ ಇಲ್ಲ" ಅಂತ ವರದಿ ಬರೆದುಬಿಡುತ್ತೀರಿ. ಎರಡು ಗಂಟೆಯ ಮೇಲೆ ಕೋಡಿಬಾಗಕ್ಕೆ ಬನ್ನಿ. ಶೆಡ್ಡಿಗೆ ಆಗೋ ಎರಡು ಜಾಗ ನೋಡಿಟ್ಟಿದ್ದೇನೆ, ಎರಡರಲ್ಲೂ ಮೀನುಗಾರರ ದೋಣಿಗೆ ಅಡ್ಡ ಆಗಲ್ಲ. ಬರುವಾಗ ಜಿಲ್ಲಾಧಿಕಾರಿ ಕಚೇರಿ, ಬಂದರು ಇಲಾಖೆ, ಮೀನುಗಾರಿಕೆ ಇಲಾಖೆ, ಕರಾವಳಿ ಕಾವಲು ಪೊಲೀಸ್, ನಗರಸಭೆ, ಎಲ್ಲ ಕಡೆಯಿಂದ ಸಹಿ ಹಾಕೋ ಅಧಿಕಾರ ಇರುವ ಒಬ್ಬೊಬ್ಬರನ್ನು ಕರೆತನ್ನಿ. ಮೀನುಗಾರರ ಸಹಕಾರಿ ಸಂಘದವರನ್ನು ನಾನು ಕರೆಯುತ್ತೇನೆ. ಒಂದೇ ಜಾಗದಲ್ಲಿ, ಒಂದೇ ದಿನ, ಎಲ್ಲರೂ ನಿಂತು ಆಗುತ್ತೋ ಇಲ್ಲವೋ ಹೇಳಿಬಿಡಿ. ಆಗಲ್ಲ ಅಂದರೂ ಪರವಾಗಿಲ್ಲ, ಯಾರು ಯಾಕೆ ಆಗಲ್ಲ ಅಂದರು ಅನ್ನೋದನ್ನು ಬರೆದುಕೊಡಿ.

ಇಂತಿ,
ಕಾರವಾರದ ಒಬ್ಬ ಪಿ.ಟಿ. ಮಾಸ್ತರ